ಮನಸ್ಸಿನ ಚಿಕಿತ್ಸೆ: ಫೋನಿನಲ್ಲೋ, ಎದುರು ಕುಳಿತೋ?

ಕೊರೊನಾದ ನಂತರ ನನ್ನ ಚಿಕಿತ್ಸಾಲಯದಲ್ಲಿ ಒಂದು ಹೊಸ ಪ್ರಶ್ನೆ ಆಗಾಗ ಕೇಳಿಬರುತ್ತಿದೆ. ಮೊದಲೆಲ್ಲ ತಾಯಂದಿರು "ಮಗಳಿಗೆ ನಿದ್ದೆ ಇಲ್ಲ, ಎದೆ ಹೊಡೆದುಕೊಳ್ಳುತ್ತದೆ, ಏನಾದರೂ ಖಮೀರಾ ಕೊಡಿ" ಎನ್ನುತ್ತಿದ್ದರು. ಮನೋವೈದ್ಯರ ಹೆಸರೆತ್ತಿದರೆ ಮುಖ ಗಂಟಿಕ್ಕಿ ಎದ್ದು ಹೋಗುವವರೂ ಇದ್ದರು. ಈಗ ಮಗಳೇ ತಾಯಿಯನ್ನು ಕರೆದುಕೊಂಡು ಬರುತ್ತಾಳೆ. "ನನಗೆ ಥೆರಪಿ ಬೇಕು ಡಾಕ್ಟ್ರೇ, ಅದು ನನಗೇ ಗೊತ್ತು. ಆನ್‌ಲೈನ್ ತಗೊಳ್ಳಲೋ, ಮಂಗಳೂರಿಗೆ ಹೋಗಲೋ, ಅಷ್ಟು ಹೇಳಿ" ಎನ್ನುತ್ತಾಳೆ.

ಪ್ರಶ್ನೆ ಒಳ್ಳೆಯದೇ. ಆದರೆ ಹೆಚ್ಚಿನವರು ಅದನ್ನು ಬಸ್ಸಿನ ಚಾರ್ಜು, ಫೀಸು, ಸಮಯದ ಲೆಕ್ಕದಲ್ಲಿ ಮಾತ್ರ ನೋಡುತ್ತಾರೆ. ನಾನು ಮೊದಲು ಕೇಳುವುದು ಬೇರೆಯೇ. "ನಿಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಒಂದು ಗಂಟೆ, ಯಾರ ಕಿವಿಗೂ ಬೀಳದಂತೆ ಮಾತನಾಡಲು ಜಾಗ ಇದೆಯಾ?" ಇಲ್ಲಿಗೆ ಬಹಳ ಮಂದಿ ಸುಮ್ಮನಾಗುತ್ತಾರೆ. ಅತ್ತೆ, ನಾದಿನಿ, ಮೈದುನನ ಮಕ್ಕಳು ಎಲ್ಲ ಇರುವ ಮನೆ. ಕೋಣೆ ಇದ್ದರೂ ಬಾಗಿಲ ಬದಲು ಕರ್ಟನ್. ಬಾಗಿಲು ಇದ್ದರೂ ಹಗಲು ಹೊತ್ತು ಚಿಲಕ ಹಾಕಿಕೊಂಡರೆ "ಏನಾಯಿತು ಇವಳಿಗೆ?" ಎಂದು ಹತ್ತು ಜನ ಕೇಳುವ ಮನೆ. ಅಂಥಲ್ಲಿ ಹೆಣ್ಣುಮಗಳೊಬ್ಬಳು ಹಾಸಿಗೆಯ ಮೂಲೆಯಲ್ಲಿ ಕುಳಿತು, ಇಯರ್‌ಫೋನ್ ಹಾಕಿಕೊಂಡು, ಪಿಸುದನಿಯಲ್ಲಿ "ಹೂಂ, ಪರವಾಗಿಲ್ಲ, ಈ ವಾರ ಚೆನ್ನಾಗಿತ್ತು" ಎಂದಷ್ಟೇ ಹೇಳಿ ಮುಗಿಸಿದರೆ ಅದಕ್ಕೆ ಥೆರಪಿ ಎನ್ನಲಾಗದು. ಚಿಕಿತ್ಸಕರು ಎಷ್ಟೇ ನಿಪುಣರಿರಲಿ, ಹೇಳದೆ ಉಳಿದ ಮಾತಿಗೆ ಅವರು ಮದ್ದು ಕೊಡಲಾರರು.

ನನ್ನ ಒಲವು ಯಾವ ಕಡೆಗೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನು ಯುನಾನಿ ಓದಿದವಳು. ನಾಡಿ ಹಿಡಿದು, ನಾಲಗೆ ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿದ ಮೇಲೆಯೇ ಔಷಧಿಯ ಮಾತು ಎಂದು ಕಲಿತವಳು. ಹಾಗಾಗಿ ಎದುರು ಕುಳಿತು ಮಾತನಾಡುವುದೇ ಮೇಲು ಎಂದು ನನ್ನ ಮನಸ್ಸು ಸುಲಭವಾಗಿ ವಾಲುತ್ತದೆ. ಆದರೆ ಖಿನ್ನತೆ ಮತ್ತು ಆತಂಕದ ಮಟ್ಟಿಗೆ, ವಿಡಿಯೋ ಮೂಲಕ ನುರಿತವರು ನೀಡುವ ಮಾತಿನ ಚಿಕಿತ್ಸೆ ಎದುರು ಕುಳಿತು ನೀಡುವ ಚಿಕಿತ್ಸೆಯಷ್ಟೇ ಫಲ ಕೊಡುತ್ತದೆ ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಅದನ್ನು ನಾನು ಒಪ್ಪುತ್ತೇನೆ. "ಫೋನಿನಲ್ಲಿ ಏನು ಚಿಕಿತ್ಸೆ" ಎಂದು ನಗುವ ಹಿರಿಯರೂ ಇದನ್ನು ತಿಳಿದಿರಲಿ.

ಮೊದಲು ದೇಹ

ಆನ್‌ಲೈನ್ ಥೆರಪಿಗೆ ಹಣ ಕಟ್ಟುವ ಮುನ್ನ ಹತ್ತಿರದ ಯಾವುದಾದರೂ ವೈದ್ಯರಲ್ಲಿ ಒಮ್ಮೆ ಮೈ ತೋರಿಸಿಕೊಳ್ಳಿ. ಥೈರಾಯ್ಡ್ ಕಡಿಮೆಯಾದರೆ ಮಂಕು, ನಿರುತ್ಸಾಹ, ಮರೆವು ಬರುತ್ತವೆ. ಅದು ಹೆಚ್ಚಾದರೆ ಎದೆ ಬಡಿತ, ನಡುಕ, ಕಿರಿಕಿರಿ. ರಕ್ತಹೀನತೆ ಮತ್ತು ಬಿ12 ಕೊರತೆಯೂ ಖಿನ್ನತೆಯ ವೇಷ ಹಾಕಿಕೊಂಡು ಬರುತ್ತವೆ. ಇವೆಲ್ಲ ಒಂದೆರಡು ರಕ್ತಪರೀಕ್ಷೆಯಲ್ಲಿ ಗೊತ್ತಾಗುವಂಥವು. ಹತ್ತನೇ ಶತಮಾನದ ಆರಂಭದಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದುಃಖದಲ್ಲಿ ಎರಡು ಬಗೆ ಇದೆ ಎಂದು ಬರೆದಿದ್ದರು. ಒಂದಕ್ಕೆ ಕಾರಣ ಗೊತ್ತಿರುತ್ತದೆ. ಇನ್ನೊಂದಕ್ಕೆ ಕಾರಣ ಕಾಣುವುದಿಲ್ಲ, ಅದರ ಮೂಲ ದೇಹದಲ್ಲಿರುತ್ತದೆ. ಸಾವಿರ ವರ್ಷಗಳ ಹಿಂದಿನ ಆ ಮಾತು ಇವತ್ತಿನ ಲ್ಯಾಬ್ ಚೀಟಿಗೂ ಹೊಂದುತ್ತದೆ. ಪರದೆಯ ಆಚೆ ಕುಳಿತವರಿಗೆ ನಿಮ್ಮ ಉಗುರಿನ ಬಿಳುಪು ಕಾಣಿಸದು.

ಇನ್ನೊಂದು ಮಾತು. ನಾವು ಕೊಡುವ ಶರಬತ್ತು, ಖಮೀರಾಗಳು ಥೆರಪಿಗೆ ಬದಲಿ ಅಲ್ಲ. ಮನೋವೈದ್ಯರು ಕೊಟ್ಟ ಮಾತ್ರೆಯನ್ನು "ಯುನಾನಿ ಶುರು ಮಾಡಿದ್ದೇವಲ್ಲ" ಎಂದು ಒಮ್ಮೆಲೇ ನಿಲ್ಲಿಸುವುದು ಅಪಾಯ. ಎರಡನ್ನೂ ತೆಗೆದುಕೊಳ್ಳುವವರು ಎರಡೂ ಕಡೆಯ ವೈದ್ಯರಿಗೆ ಹೇಳಿಯೇ ತೆಗೆದುಕೊಳ್ಳಬೇಕು.

ಫೋನೇ ಮೇಲು ಎನಿಸುವ ಸಂದರ್ಭಗಳು

ವಸ್‌ವಾಸ್ ಎಂದು ನಾವು ಕರೆಯುವುದರಲ್ಲಿ ಒಂದು ಬಗೆ ನಿಜವಾಗಿ ಗೀಳು ಕಾಯಿಲೆ. ವುಝೂ ಮಾಡಲು ನಲ್ಲಿಯ ಮುಂದೆ ನಿಂತವರು ಮುಕ್ಕಾಲು ಗಂಟೆಯಾದರೂ ಹೊರಗೆ ಬರುವುದಿಲ್ಲ. ಕೈ ತೊಳೆದದ್ದು ಆಯಿತೋ ಇಲ್ಲವೋ, ನೀರು ಮೊಣಕೈ ದಾಟಿತೋ ಇಲ್ಲವೋ ಎಂಬ ಸಂದೇಹದಲ್ಲಿ ಮತ್ತೆ ಮೊದಲಿನಿಂದ ಶುರು. ಚರ್ಮ ಬಿರಿದು ರಕ್ತ ಜಿನುಗುವುದನ್ನೂ ನಾನು ಕಂಡಿದ್ದೇನೆ. ಚರ್ಮಕ್ಕೆ ಮುಲಾಮು ಕೇಳಲು ಬಂದವರಲ್ಲಿ ಈ ಕಾಯಿಲೆ ಪತ್ತೆಯಾಗುವುದೂ ಉಂಟು.

ಇದಕ್ಕಿರುವ ಥೆರಪಿಯ ಕ್ರಮ ಸರಳವಾಗಿ ಹೇಳುವುದಾದರೆ ಹೀಗೆ. ಸಂದೇಹ ಹುಟ್ಟಿಸುವ ಜಾಗದಲ್ಲೇ ನಿಲ್ಲಬೇಕು. ನಿಗದಿಯಾದಷ್ಟೇ ಸಲ ತೊಳೆದು ನಲ್ಲಿ ಮುಚ್ಚಬೇಕು. ಆಗ ಏಳುವ ಚಡಪಡಿಕೆಯನ್ನು ತೊಳೆದು ಕಳೆಯದೆ, ಅದು ತಾನಾಗಿಯೇ ಇಳಿಯುವವರೆಗೆ ತಡೆದುಕೊಳ್ಳಬೇಕು. ದಿನ ಕಳೆದಂತೆ ಆ ಚಡಪಡಿಕೆ ಬೇಗ ಬೇಗ ಇಳಿಯಲು ಕಲಿಯುತ್ತದೆ. ಆಸ್ಪತ್ರೆಯ ಕೋಣೆಯಲ್ಲಿ ಇದನ್ನು ಮಾಡಿಸುವುದು ಕಷ್ಟ. ಅಲ್ಲಿಯ ನಲ್ಲಿ ಅವರ ನಲ್ಲಿಯಲ್ಲ. ಅಲ್ಲಿ ಹೇಗೋ ಸಹಜವಾಗಿ ಕೈ ತೊಳೆಯುವವರು ಮನೆಗೆ ಬಂದ ಕೂಡಲೇ ಹಳೆಯದಕ್ಕೆ ಮರಳುತ್ತಾರೆ. ಫೋನನ್ನು ನಲ್ಲಿಯ ಪಕ್ಕದ ಗೂಡಿನಲ್ಲಿಟ್ಟು, ಕೈಗಳು ಮಾತ್ರ ಕಾಣುವಂತೆ ತಿರುಗಿಸಿ, ಚಿಕಿತ್ಸಕಿ ಆ ಕಡೆಯಿಂದ "ಸಾಕು, ಈಗ ನಿಲ್ಲಿಸಿ, ನನ್ನ ಜೊತೆ ಮಾತನಾಡುತ್ತಾ ನಿಲ್ಲಿ" ಎಂದು ಹೇಳುವ ಪದ್ಧತಿ ಇಲ್ಲಿ ಹೆಚ್ಚು ಸಹಕಾರಿ. ಮನೆಯವರಿಗೂ ಪಾಠ ಇದೆ. "ಆಯ್ತಾ? ಸರಿಯಾಯ್ತಾ?" ಎಂದು ಆಕೆ ನೂರು ಸಲ ಕೇಳಿದಾಗ ಗಂಡ ನೂರು ಸಲ "ಆಯ್ತು" ಎನ್ನುವುದೇ ಕಾಯಿಲೆಗೆ ಮೇವು. ಆ ಉತ್ತರ ನಿಲ್ಲಿಸುವುದನ್ನು ಆತನಿಗೆ ಕಲಿಸಲು, ಆತ ಇರುವ ಮನೆಯಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಇದರಲ್ಲಿ ದೀನಿಗೆ ವಿರುದ್ಧವಾದದ್ದು ಏನೂ ಇಲ್ಲ. ವಸ್‌ವಾಸ್‌ಗೆ ಕಿವಿಗೊಡದೆ ಮುಂದುವರಿಯಿರಿ ಎಂದೇ ಆಲಿಮರೂ ಹೇಳುವುದು.

ಬಾಣಂತಿಯರಿಗೂ ಫೋನು ಉಪಕಾರಿ. ನಲವತ್ತು ದಿನ ತವರಿನಲ್ಲಿ ಕೋಣೆ ಸಿಗುತ್ತದೆ, ಜೊತೆಗೆ ಮಗು ಮಲಗಿದ ಹೊತ್ತು. ಹೆರಿಗೆಯ ನಂತರದ ಅಳು, ಮಗುವಿನ ಬಗ್ಗೆ ಏನೂ ಅನಿಸದಿರುವುದು, ತಾನು ಕೆಟ್ಟ ತಾಯಿ ಎಂಬ ಕೊರಗು ಎರಡು ವಾರ ದಾಟಿದರೆ ಚಿಕಿತ್ಸಕಿಯೊಡನೆ ಮಾತನಾಡಿಸಿ. ಆದರೆ ಬಾಣಂತಿ ರಾತ್ರಿಯಿಡೀ ನಿದ್ರಿಸದೆ ಅಸಂಬದ್ಧ ಮಾತನಾಡತೊಡಗಿದರೆ, ಮಗುವಿನ ಮೇಲೆ ವಿಚಿತ್ರ ಸಂಶಯ ತೋರಿದರೆ ಅದು ತುರ್ತು ಸ್ಥಿತಿ. ಆಗ ಫೋನೂ ಬೇಡ, ಊದಿದ ನೀರಿಗಾಗಿ ನಾಲ್ಕು ದಿನ ಓಡಾಡುವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ದುಆ ಮಾಡಿಸಬೇಡಿ ಎನ್ನುತ್ತಿಲ್ಲ, ಅದನ್ನು ಆಸ್ಪತ್ರೆಯಲ್ಲೂ ಮಾಡಬಹುದು.

ಭಾಷೆಯ ವಿಷಯವೂ ಇದೆ. ಮನಸ್ಸಿನ ನೋವನ್ನು ಕಲಿತ ಭಾಷೆಯಲ್ಲಿ ಹೇಳುವುದು ಕಷ್ಟ. ಮನೆಯಲ್ಲಿ ಬ್ಯಾರಿ ಆಡುವವರು, ದಕ್ಖನಿ ಉರ್ದು ಆಡುವವರು ಇಂಗ್ಲಿಷಿನಲ್ಲಿ "ಐ ಆ್ಯಮ್ ಫೈನ್" ಎಂದುಬಿಡುತ್ತಾರೆ. ನಿಮ್ಮ ತಾಲೂಕಿನಲ್ಲಿ ನಿಮ್ಮ ಭಾಷೆಯ ಮಹಿಳಾ ಚಿಕಿತ್ಸಕಿ ಸಿಗದಿರಬಹುದು, ಆನ್‌ಲೈನಿನಲ್ಲಿ ಬೇರೆ ಜಿಲ್ಲೆಯಿಂದ ಸಿಗಬಹುದು. ಮುಖ ತೋರಿಸಲು ಸಂಕೋಚ ಇರುವ ಸಹೋದರಿಯರು ಮೊದಲೇ ಮಹಿಳೆಯೇ ಬೇಕೆಂದು ಕೇಳಿ ಪಡೆಯಿರಿ. ಧ್ವನಿಯಲ್ಲಷ್ಟೇ ಮಾತನಾಡುವುದೂ ಸಾಧ್ಯವಿದೆ, ಆದರೆ ನಿಮ್ಮ ಮುಖ ಹೇಳುವ ಅರ್ಧ ಮಾತು ಅದರಲ್ಲಿ ಕಳೆದುಹೋಗುತ್ತದೆ.

ಎದುರು ಕುಳಿತೇ ಆಗಬೇಕಾದದ್ದು

ಚಿಕ್ಕ ಮಕ್ಕಳು ಮಾತಿನಲ್ಲಿ ನೋವು ಹೇಳುವುದಿಲ್ಲ, ಆಟದಲ್ಲಿ ಹೇಳುತ್ತಾರೆ. ಅವರನ್ನು ಫೋನಿನ ಮುಂದೆ ಕೂರಿಸುವುದರಿಂದ ಹೆಚ್ಚೇನೂ ಆಗದು. ಹದಿಹರೆಯದವರಿಗೆ ಆನ್‌ಲೈನ್ ಹಿಡಿಸುತ್ತದೆ, ಆದರೆ ಹದಿನೆಂಟು ತುಂಬದವರನ್ನು ವೈದ್ಯರು ಆನ್‌ಲೈನಿನಲ್ಲಿ ನೋಡಬೇಕಾದರೆ ದೊಡ್ಡವರೊಬ್ಬರು ಜೊತೆಗಿರಬೇಕೆಂಬ ನಿಯಮವಿದೆ. ಇಲ್ಲದ ಧ್ವನಿ ಕೇಳಿಸುವುದು, ಎಲ್ಲರೂ ಪಿತೂರಿ ಮಾಡುತ್ತಿದ್ದಾರೆ ಎನ್ನುವುದು, ಊಟ ಬಿಟ್ಟು ತೂಕ ಇಳಿಯುತ್ತಿರುವುದು, ಇವೆಲ್ಲಕ್ಕೂ ನೇರ ಪರೀಕ್ಷೆಯೇ ಬೇಕು. ಕುಡಿತ ಬಿಡಲು ಹೊರಟವರಿಗೆ ಎರಡು ಮೂರು ದಿನದಲ್ಲಿ ನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ನಮ್ಮ ಸಮುದಾಯದಲ್ಲಿ ಕುಡಿಯುವವರಿಲ್ಲ ಎಂದುಕೊಂಡು ಇದನ್ನು ಮುಚ್ಚಿಡುವುದರಿಂದಲೇ ಆಸ್ಪತ್ರೆ ತಲುಪುವುದು ತಡವಾಗುತ್ತದೆ.

ಸಾಯುವ ಮಾತನಾಡುವವರನ್ನು ಒಂಟಿಯಾಗಿ ಬಿಡಬೇಡಿ, ಕೂಡಲೇ ನೇರವಾಗಿ ತೋರಿಸಿ. ರಾತ್ರಿ ಹೊತ್ತು ದಾರಿ ಕಾಣದಿದ್ದರೆ 14416ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ.

ಇನ್ನು, ನೋವು ಕೊಡುವವರು ಮನೆಯಲ್ಲೇ ಇದ್ದಾಗ ಮನೆಯಿಂದ ಫೋನಿನಲ್ಲಿ ಮಾತನಾಡುವುದು ಅಪಾಯವನ್ನು ಮೈಮೇಲೆ ಎಳೆದುಕೊಂಡಂತೆ. ಗೋಡೆಯಾಚೆ ಕಿವಿ ಇರುತ್ತದೆ. ಫೋನು ಮನೆಮಂದಿಗೆಲ್ಲ ಸೇರಿದ್ದಾಗಿರುತ್ತದೆ, ಅದರಲ್ಲಿ ಕರೆಗಳ ಪಟ್ಟಿಯೂ ಮೆಸೇಜುಗಳೂ ಉಳಿಯುತ್ತವೆ. ಹೊಡೆತ ತಿನ್ನುವ ಹೆಣ್ಣುಮಕ್ಕಳಿಗೆ ನಾನು ನೇರ ಭೇಟಿಯನ್ನೇ ಹೇಳುತ್ತೇನೆ. "ಸೊಂಟನೋವಿಗೆ ತೋರಿಸಿ ಬರುತ್ತೇನೆ" ಎಂದು ಹೊರಡಲು ಸಾಧ್ಯವಿದೆ. ಆಸ್ಪತ್ರೆಯಲ್ಲಿ ಬಾಗಿಲು ಮುಚ್ಚಿದ ಕೋಣೆ ಇದೆ. ಮಹಿಳಾ ಸಹಾಯವಾಣಿ 181, ತುರ್ತು ಸಂದರ್ಭದಲ್ಲಿ 112, ಇವೆರಡನ್ನೂ ನೆನಪಿನಲ್ಲಿಡಿ, ಫೋನಿನಲ್ಲಿ ಸೇವ್ ಮಾಡಬೇಕೆಂದಿಲ್ಲ.

ಬಸ್ಸಿನ ಪ್ರಯಾಣವನ್ನು ನಷ್ಟವೆಂದೇ ಲೆಕ್ಕ ಹಾಕಬೇಡಿ. ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್. ಹೋಗಿ ಬರುವಾಗ ಕಿಟಕಿಯ ಪಕ್ಕ ಕುಳಿತು ತನ್ನಷ್ಟಕ್ಕೆ ಇರುವ ಆ ಎರಡು ಮೂರು ಗಂಟೆ ಎಷ್ಟೋ ಗೃಹಿಣಿಯರಿಗೆ ವಾರದಲ್ಲಿ ಸಿಗುವ ಏಕೈಕ ಬಿಡುವು. ಫೋನಿನ ಥೆರಪಿ ಮುಗಿದ ಕೂಡಲೇ ಕುಕ್ಕರ್ ಇಡಬೇಕು. ಅತ್ತ ಕಣ್ಣು ಒರೆಸಿಕೊಳ್ಳಲೂ ಹೊತ್ತಿಲ್ಲ.

ಯಾರಿಗಾದರೂ ಗೊತ್ತಾದರೆ?

ಆನ್‌ಲೈನ್ ಆಯ್ದುಕೊಳ್ಳುವ ಬಹುಪಾಲು ಕುಟುಂಬಗಳ ನಿಜವಾದ ಕಾರಣ ಬಸ್ಸಿನ ದೂರವೂ ಅಲ್ಲ, ಫೀಸೂ ಅಲ್ಲ. ಮನೋವೈದ್ಯರ ಬೋರ್ಡಿನ ಕೆಳಗೆ ಮಗಳನ್ನು ಯಾರಾದರೂ ಕಂಡರೆ ಬಂದ ಸಂಬಂಧ ಮುರಿದೀತೆಂಬ ಭಯ. ಈ ಭಯವನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ, ಸಂಬಂಧ ಮುರಿದದ್ದನ್ನು ನೋಡಿದ್ದೇನೆ. ಫೋನಿನ ಮರೆ ಇಲ್ಲದಿದ್ದರೆ ಚಿಕಿತ್ಸೆಯೇ ಪಡೆಯದ ಹುಡುಗಿಗೆ ಆ ಮರೆ ಇರಲಿ. ಆದರೆ ಊರಿನವರಿಗೆ ಗೊತ್ತಾಗಬಾರದೆಂದು ಶುರುವಾದದ್ದು, ಗಂಡನಿಗೆ ಗೊತ್ತಾಗಬಾರದು, ಅಣ್ಣನಿಗೆ ಗೊತ್ತಾಗಬಾರದು ಎಂದು ಬೆಳೆದು, ಕೊನೆಗೆ ಆಕೆ ಕುಸಿದು ಬಿದ್ದ ದಿನ ಮನೆಯಲ್ಲಿ ಒಬ್ಬರಿಗೂ ಯಾವ ಮಾತ್ರೆ, ಯಾವ ವೈದ್ಯರು ಎಂಬುದು ತಿಳಿದಿರುವುದಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ಗುಟ್ಟು ಕಾಯುವುದು ಚಿಕಿತ್ಸಕರ ದಾಕ್ಷಿಣ್ಯವಲ್ಲ ಎಂಬುದನ್ನೂ ತಿಳಿಯಿರಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಅಪಾಯದಂಥ ಕೆಲವೇ ಸಂದರ್ಭಗಳನ್ನು ಬಿಟ್ಟರೆ ನಿಮ್ಮ ವಿಷಯ ಹೊರಹೋಗುವಂತಿಲ್ಲ.

ಮನೆಯಲ್ಲಿ ಜಾಗವಿಲ್ಲ, ಮಂಗಳೂರಿಗೆ ಹೋಗಲೂ ಆಗದು ಎನ್ನುವವರಿಗೆ ಮಧ್ಯದ ದಾರಿಯೊಂದಿದೆ. ನನ್ನ ಚಿಕಿತ್ಸಾಲಯದ ಹಿಂದಿನ ಕೋಣೆ ಮಧ್ಯಾಹ್ನ ಖಾಲಿ ಇರುತ್ತದೆ. ಅಲ್ಲಿ ಒಂದು ಕುರ್ಚಿ, ಫೋನು ಒರಗಿಸಲು ಒಂದು ಸ್ಟ್ಯಾಂಡು, ಫ್ಯಾನು. ಕೆಲವರು ವಾರಕ್ಕೊಮ್ಮೆ ಅಲ್ಲಿಗೆ ಬಂದು ಬಾಗಿಲು ಹಾಕಿಕೊಂಡು ತಮ್ಮ ಚಿಕಿತ್ಸಕಿಯೊಡನೆ ಮಾತನಾಡಿ ಹೋಗುತ್ತಾರೆ. ಒಳಗೆ ಏನು ಮಾತಾಯಿತು ಎಂದು ನಾನು ಕೇಳುವುದಿಲ್ಲ. ನಂಬಿಕೆಯ ಗೆಳತಿಯ ಮನೆ, ಮದ್ರಸ ಬಿಟ್ಟ ಮೇಲಿನ ತರಗತಿ ಕೋಣೆ, ನಿಲ್ಲಿಸಿದ ಕಾರು, ಯಾವುದಾದರೂ ಆದೀತು. ಮಸೀದಿ ಕಮಿಟಿಗಳು ಇಂಥದ್ದೊಂದು ಕೋಣೆಯ ಬಗ್ಗೆ ಯೋಚಿಸಿದರೆ ದೊಡ್ಡ ಖರ್ಚೇನೂ ಇಲ್ಲ. ಇನ್ನೊಂದು ದಾರಿ, ಮೊದಲ ಎರಡು ಮೂರು ಭೇಟಿಗಳನ್ನು ಎದುರು ಕುಳಿತು ಮಾಡಿ, ಪರಿಚಯ ಗಟ್ಟಿಯಾದ ಮೇಲೆ ಫೋನಿಗೆ ಬದಲಾಗುವುದು. ಬಹಳಷ್ಟು ಜನರಿಗೆ ನಾನು ಸೂಚಿಸುವುದು ಇದನ್ನೇ. ಸರ್ಕಾರಿ ವ್ಯವಸ್ಥೆಯನ್ನೂ ಮರೆಯಬೇಡಿ. ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲೂಕಿನ ದಿನವನ್ನು ಮೊದಲೇ ವಿಚಾರಿಸಿಕೊಂಡು ಹೋಗಿ. ಧಾರವಾಡದ ಕಡೆಯವರಿಗೆ ಡಿಮ್ಹಾನ್ಸ್ ಇದೆ.

ಗಂಡ ಗಲ್ಫಿನಲ್ಲಿದ್ದರೆ

ದಂಪತಿಗಳ ಜಗಳಕ್ಕೆ ಸಮಾಲೋಚನೆ ಬೇಕೆಂದರೆ ಇಲ್ಲಿ ಆನ್‌ಲೈನ್ ಬಿಟ್ಟು ಬೇರೆ ದಾರಿಯೇ ಇಲ್ಲ. ಯುಎಇಯಲ್ಲಿ ವಾಟ್ಸ್ಆ್ಯಪ್ ಕರೆಗಳು ಹೋಗುವುದಿಲ್ಲ, ಝೂಮ್‌ನಂಥವು ನಡೆಯುತ್ತವೆ, ಅದನ್ನು ಚಿಕಿತ್ಸಕರಿಗೆ ಮೊದಲೇ ಹೇಳಿ. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿಯದ್ದು ಎರಡೂವರೆ ಗಂಟೆ. ಆರು ಮಂದಿ ಮಲಗುವ ಕೋಣೆಯಲ್ಲಿರುವ ಗಂಡನಿಗೂ ಮಾತನಾಡಲು ಜಾಗ ಬೇಕೆಂಬುದನ್ನು ಇಲ್ಲಿಯ ಹೆಂಡತಿ ನೆನಪಿಡಬೇಕು. ಅಲ್ಲಿರುವವರಿಗೆ ಇಲ್ಲಿಯ ಮನೋವೈದ್ಯರು ಫೋನಿನಲ್ಲಿ ಮಾತ್ರೆ ಬರೆಯುವಂತಿಲ್ಲ, ನಮ್ಮ ಟೆಲಿಮೆಡಿಸಿನ್ ನಿಯಮ ದೇಶದ ಗಡಿಯ ಒಳಗಿನದ್ದು. ರಜೆಗೆ ಬಂದವರು ಡಯಾಜೆಪಾಮ್, ಕ್ಲೊನಾಜೆಪಾಮ್‌ನಂಥ ಮಾತ್ರೆಗಳನ್ನು ಜೇಬಿನಲ್ಲಿಟ್ಟುಕೊಂಡು ಯುಎಇಗೆ ಹೊರಡಬೇಡಿ. ಅಲ್ಲಿಯ ಆರೋಗ್ಯ ಇಲಾಖೆಯ ಮುಂಗಡ ಅನುಮತಿ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಕಷ್ಟಕ್ಕೆ ಸಿಲುಕುತ್ತೀರಿ.

ಆ ಕಡೆ ಇರುವವರು ಯಾರು?

ಫೋನಿನಲ್ಲಿ ಗೋಡೆಯ ಮೇಲಿನ ಸರ್ಟಿಫಿಕೇಟು ಕಾಣಿಸದು. ಆದ್ದರಿಂದ ವಿಚಾರಿಸಿಯೇ ಮುಂದುವರಿಯಿರಿ. ಮನೋವೈದ್ಯರು ಎಂದರೆ ಎಂಬಿಬಿಎಸ್ ಮಾಡಿ ಮನೋವೈದ್ಯಶಾಸ್ತ್ರದಲ್ಲಿ ಮುಂದೆ ಓದಿದವರು, ಮಾತ್ರೆ ಬರೆಯಬಲ್ಲರು. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಆನ್‌ಲೈನಿನಲ್ಲಿ ನೋಡುವ ವೈದ್ಯರು ತಮ್ಮ ನೋಂದಣಿ ಸಂಖ್ಯೆ ತೋರಿಸಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಇರಬೇಕು. ಅವರು ಮಾತ್ರೆ ಬರೆಯುವುದಿಲ್ಲ. ಆಪ್ತಸಮಾಲೋಚಕ, ಲೈಫ್ ಕೋಚ್ ಎಂಬ ಹೆಸರು ಹಾಕಿಕೊಳ್ಳಲು ಮಾತ್ರ ಯಾರೂ ಯಾರನ್ನೂ ಕೇಳುತ್ತಿಲ್ಲ. ಇವರಲ್ಲಿ ಚೆನ್ನಾಗಿ ಕಲಿತವರಿದ್ದಾರೆ, ಮೂರು ದಿನದ ಕೋರ್ಸು ಮಾಡಿದವರೂ ಇದ್ದಾರೆ. ಎಲ್ಲಿ, ಎಷ್ಟು ವರ್ಷ, ಏನು ಓದಿದ್ದೀರಿ ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವರನ್ನು ಬಿಟ್ಟುಬಿಡಿ. ಹತ್ತು ಸಿಟ್ಟಿಂಗಿನ ಹಣ ಮೊದಲೇ ಕಟ್ಟಿ ಎನ್ನುವವರ ಬಗ್ಗೆಯೂ ನನಗೆ ಸಂಶಯವೇ. ಮಾತಿನ ಚಿಕಿತ್ಸೆಗೆ ಸಾಮಾನ್ಯವಾಗಿ 6ರಿಂದ 20 ಭೇಟಿಗಳು ಬೇಕಾಗುತ್ತವೆ ನಿಜ, ಆದರೆ ಇವರು ನಮಗೆ ಹೊಂದುತ್ತಾರೋ ಇಲ್ಲವೋ ಎಂಬುದು ಮೂರ್ನಾಲ್ಕು ಭೇಟಿಯಲ್ಲೇ ತಿಳಿಯುತ್ತದೆ. ಹೊಂದದಿದ್ದರೆ ಬದಲಾಯಿಸಿ, ಅದರಲ್ಲಿ ಅವಮಾನವೇನೂ ಇಲ್ಲ. ಇತ್ತೀಚೆಗೆ ಮಕ್ಕಳು ಕಂಪ್ಯೂಟರ್ ಉತ್ತರಿಸುವ ಆ್ಯಪುಗಳ ಜೊತೆ ರಾತ್ರಿ ಎರಡರವರೆಗೆ ದುಃಖ ತೋಡಿಕೊಳ್ಳುತ್ತಿದ್ದಾರೆ. ಅದು ಈ ಲೆಕ್ಕದಲ್ಲಿ ಬರುವುದಿಲ್ಲ.

ಆನ್‌ಲೈನ್ ಎಂದು ನಿರ್ಧರಿಸಿದ್ದರೆ ಮೊದಲ ಕರೆಯಲ್ಲೇ ಕೆಲವು ವಿಷಯ ಮಾತನಾಡಿಕೊಳ್ಳಿ. ಕರೆಯನ್ನು ರೆಕಾರ್ಡ್ ಮಾಡುತ್ತೀರಾ ಎಂದು ಕೇಳಿ, ನಿಮ್ಮ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. ಯಾರಾದರೂ ಕೋಣೆಯೊಳಗೆ ಬಂದಾಗ ಮಾತು ಬದಲಿಸಲು ಒಂದು ಸಂಕೇತದ ಪದ ಇಟ್ಟುಕೊಳ್ಳಿ, "ಶಾಲೆಯ ಫೀಸು" ಎಂದರೂ ಸಾಕು. ನೀವಿರುವ ಜಾಗದ ವಿಳಾಸ ಮತ್ತು ತುರ್ತಿಗೆ ಕರೆಯಬಹುದಾದ ಒಬ್ಬರ ನಂಬರ್ ಅವರ ಬಳಿ ಇರಲಿ. ಮಳೆಗಾಲದಲ್ಲಿ ಕರೆಂಟು ಹೋಗಿ ಮಾತಿನ ಮಧ್ಯೆ ಕರೆ ಕಡಿದರೆ ಯಾರು ಮರಳಿ ಕರೆ ಮಾಡಬೇಕು, ಎಷ್ಟು ನಿಮಿಷ ಕಾಯಬೇಕು ಎಂಬುದನ್ನೂ ಆ ದಿನವೇ ತೀರ್ಮಾನಿಸಿಕೊಳ್ಳಿ.